ಕಾಟಿಯ ಕಾಲು

ಹೋದ ಶನಿವಾರ ನಮ್ಮ ಸಯನ್ಸ್ ಟೀಚರ ಸಂತಾಪ ಸಭೆ ನಡೆಯಿತು. ಶಾಲೆಯ ಹಾಲಿನಲ್ಲಿ ಬೆಂಚುಗಳನ್ನು ಹಾಕಿ, ಮೇಜಿನ ಮೇಲೆ ಅವರ ದೊಡ್ಡ ಫೋಟೋ ಇಟ್ಟು ಸೇವಂತಿಗೆ ಹಾರ ಹಾಕಿದ್ದರು. ಎದ್ದು ಮಾತನಾಡಿದವರೆಲ್ಲ ಒಂದೇ ಗುಣವನ್ನು ಹೊಗಳಿದರು. ಸಹನೆ. ಸಹನಾಮೂರ್ತಿ, ತಾಳ್ಮೆಯ ಗಣಿ, ಕಾಲಿನ ಕಷ್ಟವನ್ನು ನುಂಗಿಕೊಂಡು ನಗುನಗುತ್ತ ಬಾಳಿದ ತಾಯಿ. ನಾನು ಹಿಂದಿನ ಬೆಂಚಿನಲ್ಲಿ ಕೂತು ಸೆರಗಿನ ಅಂಚನ್ನು ಹಿಂಡುತ್ತಿದ್ದೆ.

ಅವರಷ್ಟು ಕೋಪಿಷ್ಠ ಹೆಂಗಸನ್ನು ನಾನು ನೋಡಿಲ್ಲ. ಆ ಕೋಪ ಅವರು ಕಷ್ಟಪಟ್ಟು ಸಂಪಾದಿಸಿದ್ದು, ಕೊನೆಯವರೆಗೂ ಯಾರಿಗೂ ಬಿಟ್ಟುಕೊಡದೆ ಉಳಿಸಿಕೊಂಡದ್ದು. ನಿವೃತ್ತರಾಗಿ ಅಣ್ಣನ ಮನೆಗೆ ಹೋದವರು ಅಲ್ಲೇ ತೀರಿಕೊಂಡರು. ಮಣ್ಣು ಆರುವ ಮೊದಲೇ ನಾವು ಆ ಕೋಪವನ್ನು ಅವರಿಂದ ಕಿತ್ತುಕೊಂಡೆವು.

ಅಲ್ಲಿಗೂ ನಾನು ಸುಮ್ಮನಿರುತ್ತಿದ್ದೆನೋ ಏನೋ. ಆಮೇಲೆ ನಮ್ಮ ಹಳೆಯ ಡ್ರಿಲ್ ಮಾಸ್ತರರು ಎದ್ದರು. "ಒಂದು ಸಲ ನಾವೆಲ್ಲ ಸ್ಯಾಂಕ್ಚುರಿಗೆ ಟ್ರಿಪ್ ಹೋಗಿದ್ದೆವು. ಟೀಚರಿಗೆ ಕಾಟಿ ನೋಡುವ ಆಸೆ. ಪಾಪ, ನಡೀಲಿಕ್ಕೆ ಆಗುದಿಲ್ಲ. ನಾವೇ ಕುರ್ಚಿಯಲ್ಲಿ ಕೂರಿಸಿ, ಹೊತ್ತುಕೊಂಡು ಹೋಗಿ ತೋರಿಸಿದ್ದು. ಅವರ ಕಣ್ಣಲ್ಲಿ ನೀರು!" ಎಂದರು. ಕಾಟಿ ಎಂದರೆ ಕಾಡುಕೋಣ. ಸಭೆಯಲ್ಲಿ ಕೆಲವರು ಕಣ್ಣೊರೆಸಿಕೊಂಡರು.

ಅದು ಸುಳ್ಳು. ಅಥವಾ, ನಾನು ಎಚ್ಚರಿಕೆಯಿಂದ ಬರೆಯಬೇಕು, ಅದು ನನಗೆ ನೆನಪಿರುವುದಲ್ಲ. ಡ್ರಿಲ್ ಮಾಸ್ತರರು ಸುಳ್ಳುಗಾರರಲ್ಲ. ಇಷ್ಟು ವರ್ಷ ಹೇಳಿ ಹೇಳಿ ಅವರಿಗೆ ಹಾಗೆಯೇ ಕಾಣುತ್ತಿರಬಹುದು. ನಾನು ದಿನಚರಿ ಬರೆಯುವವಳು. ಮನೆಗೆ ಬಂದು ಆ ವರ್ಷದ್ದನ್ನು ತೆಗೆದು ನೋಡಿದೆ. ಆ ದಿನದ ಪುಟ ಖಾಲಿ. ಸುಸ್ತಾಗಿ ಮಲಗಿರಬೇಕು. ಹಾಗಾಗಿ ಈಗ ನನ್ನ ಬಳಿ ಇರುವುದೂ ಬರೀ ನೆನಪು, ಅದರ ಮೇಲೆ ಒಂದಿಷ್ಟು ಸಿಟ್ಟು. ಸಿಟ್ಟು ನೆನಪನ್ನು ಹದ ಮಾಡುತ್ತದೋ ಹಾಳು ಮಾಡುತ್ತದೋ ನನಗೆ ತಿಳಿಯದು.

ಆಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ನಾನು ಶಿರಂಗಾಲದವಳು. ಮೈಸೂರಿನಲ್ಲಿ ಓದು ಮುಗಿಸಿ, ಅಮ್ಮತ್ತಿ ಕಡೆಯ ಆ ಶಾಲೆಗೆ ಚರಿತ್ರೆ ಕಲಿಸಲು ಬಂದೆ. ವಿಜ್ಞಾನ ಕಲಿಸುತ್ತಿದ್ದ ಅವರು ತಮ್ಮ ಬಾಡಿಗೆ ಮನೆಯ ಒಂದು ಕೋಣೆಯನ್ನು ನನಗೆ ಬಿಟ್ಟುಕೊಟ್ಟರು. ಊರಿಗೆಲ್ಲ ಅವರು ಸಯನ್ಸ್ ಟೀಚರು, ನನಗೆ ಅಕ್ಕ. ಅವರು ಭಾಗಮಂಡಲದ ಕಡೆಯ ಅರೆಭಾಷೆ ಮಾತನಾಡುವ ಮನೆಯವರು. ಆ ಭಾಷೆಯಲ್ಲಿ ಹುಡುಗಿಗೆ ಗೂಡೆ ಎನ್ನುತ್ತಾರೆ. ನನ್ನನ್ನು ಅವರು ಕೊನೆಯವರೆಗೂ ಗೂಡೆ ಎಂದೇ ಕರೆದರು.

ಚಿಕ್ಕಂದಿನಲ್ಲಿ ಜ್ವರ ಬಂದು ಅವರ ಎಡಗಾಲು ಬತ್ತಿಹೋಗಿತ್ತು. ಕಾಫಿ ಗಿಡದ ಗಂಟುಗಂಟಿನ ಕೋಲೊಂದನ್ನು ಊರಿಕೊಂಡು ನಡೆಯುತ್ತಿದ್ದರು. ಮೊದಲು ಕೋಲು, ಆಮೇಲೆ ಬಲಗಾಲು, ಆಮೇಲೆ ಎಡಗಾಲು ಅರ್ಧ ಸುತ್ತು ತಿರುಗಿ ನೆಲವನ್ನು ಗೀರಿಕೊಂಡು ಬರುತ್ತಿತ್ತು. ಮಣ್ಣಿನ ಅಂಗಳದಲ್ಲಿ ಅವರು ಓಡಾಡಿದ ಜಾಗ ಬಾಗಿದ ಗೀರುಗಳಿಂದ ಗೊತ್ತಾಗುತ್ತಿತ್ತು.

ಬಂದ ಹೊಸತರಲ್ಲಿ ಒಂದು ದಿನ ಅವರ ಚಪ್ಪಲಿಯನ್ನು ಬಾಗಿಲ ಬಳಿ ತಂದಿಟ್ಟೆ. "ಯಾರು ಹೇಳಿದ್ದು ನಿಂಗೆ?" ಎಂದು ಚಪ್ಪಲಿಯನ್ನು ಕೋಲಿನಿಂದ ಮೊದಲಿದ್ದ ಮೂಲೆಗೆ ತಳ್ಳಿ, ಅಲ್ಲಿಗೆ ನಡೆದುಹೋಗಿ ಮೆಟ್ಟಿಕೊಂಡರು. ಎರಡು ದಿನ ನನ್ನ ಜೊತೆ ಮಾತಿಲ್ಲ. ಇದು ನ್ಯಾಯವಲ್ಲ ಎಂದು ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ. ಕೋಪಿಷ್ಠರ ಜೊತೆ ಬದುಕುವುದು ಸುಖವೇನಲ್ಲ. ಅಡುಗೆಗೆ ಬರುತ್ತಿದ್ದವಳು "ಈ ಅಮ್ಮನಿಗೆ ಉಪ್ಪು ಹಾಕಿದ್ರೂ ಸಿಟ್ಟು, ಹಾಕದಿದ್ರೂ ಸಿಟ್ಟು" ಎಂದು ಹೇಳಿ ಬಿಟ್ಟುಹೋದಳು. ಅವಳದ್ದೂ ತಪ್ಪಿರಲಿಲ್ಲ.

ವಿರಾಜಪೇಟೆಯ ಬಸ್ ನಿಲ್ದಾಣದಲ್ಲಿ ಒಮ್ಮೆ ಕಂಡಕ್ಟರು, "ವೇಗಂ ವೇಗಂ ಅಮ್ಮ, ಹತ್ತಿ, ಟೈಮಾಯ್ತು" ಎಂದು ಅವರ ರಟ್ಟೆ ಹಿಡಿದು ಮೇಲೆಳೆದ. ಅಕ್ಕ ಮೇಲೆ ಹತ್ತಿದವರು ಹಾಗೆಯೇ ತಿರುಗಿ ಕೆಳಗಿಳಿದರು.

"ಏನಾಯ್ತಮ್ಮ?"

"ನೀನು ಹತ್ತಿಸಿದ್ದು ಆಯ್ತಲ್ಲ. ಈಗ ನಾನು ಹತ್ತುತ್ತೇನೆ."

ಕೋಲನ್ನು ಬಾಗಿಲಿಗೆ ಅಡ್ಡ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿದರು. ಬಸ್ಸಿನೊಳಗಿದ್ದವರು ಗೊಣಗಿದರು. ಯಾರೋ "ಪಾಪ, ಬಿಡಿ" ಎಂದರು. ಅಕ್ಕ ಅವರತ್ತ ತಿರುಗಿದ ರೀತಿಗೆ ಅವರು ಕಿಟಕಿಯ ಹೊರಗೆ ನೋಡತೊಡಗಿದರು.

ಪಾಪ ಎಂಬ ಶಬ್ದವನ್ನು ಅವರು ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. "ಪಾಪ ಅನ್ನುವವರು ಮೊದಲು ಕುರ್ಚಿ ತರ್ತಾರೆ ಗೂಡೆ. ಆಮೇಲೆ ಬಾಗಿಲು ಎಳೆದುಕೊಂಡು ಹೋಗ್ತಾರೆ" ಎನ್ನುತ್ತಿದ್ದರು. ಅದು ಎಲ್ಲಿಂದ ಬಂದ ಮಾತು ಎಂದು ನನಗೆ ನಿಧಾನಕ್ಕೆ ತಿಳಿಯಿತು.

ಅವರ ತಂದೆ ದೊಡ್ಡ ಬೇಟೆಗಾರರು. ಅಣ್ಣಂದಿರೆಲ್ಲ ಕೋವಿ ಹಿಡಿದು ಕಾಡಿಗೆ ಹೋಗುವವರೇ. ಬೇಟೆ ಸಿಕ್ಕಿದ ದಿನ ಅಂಗಳದಲ್ಲಿ ಪಾಲು ಮಾಡುತ್ತಿದ್ದರು. ಹೋದವರಿಗೆಲ್ಲ ಪಾಲು, ಹೋದ ನಾಯಿಗೂ ಪಾಲು. ಗಂಡಸರಿಲ್ಲದ ಮನೆಗೆ, ಕಾಯಿಲೆ ಬಿದ್ದು ಬರಲಾಗದವರಿಗೆ ಎಲೆಯಲ್ಲಿ ಕಟ್ಟಿ ಮನೆಗೇ ಕಳಿಸುತ್ತಿದ್ದರು. ಅದು ಆ ಜನರ ಮರ್ಯಾದೆ, ಒಳ್ಳೆಯ ಮರ್ಯಾದೆಯೇ. ಆದರೆ ಮನೆಯಲ್ಲಿದ್ದ ಈ ಹುಡುಗಿಗೂ ಪ್ರತಿಸಲ ಎಲೆಯಲ್ಲಿ ಕಟ್ಟಿದ ಪಾಲು ಬರುತ್ತಿತ್ತು. ಹಂದಿಯ ಈಲಿ, ಎಂದರೆ ಯಕೃತ್ತು, ಎಲ್ಲಕ್ಕಿಂತ ಮೆತ್ತಗಿನ ತುಂಡು. "ನಂಗೆ ಈಲಿ ಬೇಡ, ನಂಗೂ ಬರೊಕು" ಎಂದು, ತಾನೂ ಬೇಟೆಗೆ ಬರಬೇಕೆಂದು ಅತ್ತರೆ, ಇನ್ನೊಂದು ತುಂಡು ಕೊಡುತ್ತಿದ್ದರಂತೆ. ಹಂದಿಮಾಂಸ ಇಷ್ಟಪಟ್ಟು ತಿನ್ನುತ್ತಿದ್ದ ಅಕ್ಕ ಈಲಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಆ ಮನೆಯ ಜಗಲಿಯ ಗೋಡೆಯಲ್ಲಿ ಒಂದು ಕಾಟಿಯ ತಲೆ ಇತ್ತು. ಕಾಟಿ ಎಂದರೆ ಕಾಡುಕೋಣ. ಕೊಡಗಿನ ಹಳೆಯ ಮನೆಗಳಲ್ಲಿ ಅಂಥ ತಲೆಗಳು ಬೇಕಾದಷ್ಟಿವೆ. ಕೊಂಬು, ಗಾಜಿನ ಕಣ್ಣು, ಕುತ್ತಿಗೆಯವರೆಗೆ ಮಾತ್ರ. ಜಗಲಿಯಲ್ಲಿ ಕೂತೇ ಬೆಳೆದ ಹುಡುಗಿ ಒಂದು ದಿನ ತಂದೆಯನ್ನು ಕೇಳಿದಳಂತೆ: "ಅಪ್ಪ, ಇದರ ಕಾಲ್ ಎಲ್ಲಿ ಉಟ್ಟು?"

"ಕಾಲ್ ಕಾಡ್‌ಲಿ ಉಟ್ಟು. ನೀ ಸುಮ್ಮನೆ ಕೂರ್" ಎಂದರಂತೆ ತಂದೆ. ಉಟ್ಟು ಎಂದರೆ ಉಂಟು.

ಇದನ್ನು ಹೇಳುವಾಗ ಅಕ್ಕ ನಗುತ್ತಿದ್ದರು. ಸಭೆಯಲ್ಲಿ ಹೊಗಳಿದ ಆ ನಗು ಇದೇ ಇರಬೇಕು. ಹತ್ತಿರ ಕೂತವರಿಗೆ ಅದರಲ್ಲಿ ಹಲ್ಲು ಕಾಣುತ್ತಿತ್ತು.

ಬೋರ್ಡಿನ ಮೇಲೆ ಅವರು ಪ್ರಾಣಿಗಳನ್ನು ಚೆನ್ನಾಗಿ ಬರೆಯುತ್ತಿದ್ದರು. ಆನೆ, ಕಡವೆ, ಹಾರುಬೆಕ್ಕು, ಒಂದೇ ಎಳೆತದಲ್ಲಿ. ಕಾಟಿಯದ್ದು ಮಾತ್ರ ತಲೆ ಜೀವಂತ, ಮೈ ಪುಸ್ತಕ ನೋಡಿ ಬರೆದದ್ದು, ಹಟ್ಟಿಯ ಎಮ್ಮೆಯ ಹಾಗೆ. ಅದು ಅವರಿಗೇ ಗೊತ್ತಿತ್ತು. ಬರೆದ ಕೂಡಲೇ ಅಳಿಸಿಬಿಡುತ್ತಿದ್ದರು. "ಒಂದು ಕಾಟಿಯನ್ನು ಪೂರ್ತಿ ನೋಡಬೇಕು ಗೂಡೆ. ನಿಂತದ್ದನ್ನು. ನನ್ನ ಕಣ್ಣಿಂದ" ಎಂದು ಹೇಳದ ವಾರವಿರಲಿಲ್ಲ.

ಆ ವರ್ಷದ ಕ್ರಿಸ್‌ಮಸ್ ರಜೆಗೆ ಟೀಚರುಗಳೆಲ್ಲ ತಿತಿಮತಿಯ ಆಚೆಯ ಕಾಡಿಗೆ ಹೋಗುವುದೆಂದಾಯಿತು. ಅದನ್ನು ಅಭಯಾರಣ್ಯ ಮಾಡಿ ಸ್ವಲ್ಪವೇ ಸಮಯವಾಗಿತ್ತು. ಈ ಟ್ರಿಪ್ಪಿಗಾಗಿ ಹೆಡ್‌ಮಾಸ್ತರರನ್ನು ಇಡೀ ಟರ್ಮು ಕಾಡಿದವರು ಅಕ್ಕನೇ. ಇದನ್ನು ಒತ್ತಿ ಬರೆಯುತ್ತೇನೆ. ಅವರನ್ನು ಯಾರೂ ಕರೆದುಕೊಂಡು ಹೋದದ್ದಲ್ಲ. ಅವರು ನಮ್ಮನ್ನೆಲ್ಲ ಹೊರಡಿಸಿದ್ದು.

ವ್ಯಾನಿನಲ್ಲಿ ಡ್ರಿಲ್ ಮಾಸ್ತರರದ್ದೇ ಮಾತು. ಅವರೂ ಕೋವಿ ಹಿಡಿದು ಬೆಳೆದ ಕೊಡವರ ಮನೆಯವರು. "ಕಾಟಿ ನೋಡ್ಲಿಕ್ಕೆ ಹೋಗುದಂತೆ, ಕೋವಿ ಇಲ್ಲದೆ! ನನ್ನ ಅಜ್ಜ ಕೇಳಿದ್ರೆ ಎದ್ದು ಬಂದು ಹೊಡೀತಾರೆ" ಎಂದು ಎಲ್ಲರನ್ನೂ ನಗಿಸುತ್ತಿದ್ದರು. ಅಕ್ಕ ಹೊಸ ಸೀರೆ ಉಟ್ಟಿದ್ದರು. ಕೋಲಿನ ತುದಿಗೆ ಹೊಸ ರಬ್ಬರು ಹಾಕಿಸಿದ್ದರು.

ಮಧ್ಯಾಹ್ನದ ಹೊತ್ತಿಗೆ ಕಾಡಿನೊಳಗಿನ ಬಂಗಲೆ ತಲುಪಿದೆವು. ಅಲ್ಲಿಂದ ಮುಂದೆ ವ್ಯಾನು ಹೋಗುವುದಿಲ್ಲ, ನಡೆಯಬೇಕು. ಹಡ್ಲು, ಎಂದರೆ ಕಾಡಿನ ನಡುವಿನ ಜೌಗು ಹುಲ್ಲುಗಾವಲು, ಅಲ್ಲಿಗೆ ಕಾಟಿಗಳು ಮೇಯಲು ಬರುತ್ತವೆ ಎಂದು ಅಲ್ಲಿಯ ಫಾರೆಸ್ಟ್ ಗಾರ್ಡು ಹೇಳಿದ. ಹೆಡ್‌ಮಾಸ್ತರರು ಬಂಗಲೆಯ ಜಗಲಿಯ ಬೆತ್ತದ ಕುರ್ಚಿಯನ್ನು ತಾವೇ ಕರ್ಚೀಫಿನಿಂದ ಒರೆಸಿದರು.

"ಟೀಚರೇ, ನೀವು ಇಲ್ಲಿ ಆರಾಮವಾಗಿ ಕೂರಿ. ಗಾಳಿ ಚೆನ್ನಾಗಿ ಉಂಟು. ಚಾ ಮಾಡ್ಲಿಕ್ಕೆ ಹೇಳಿದ್ದೇನೆ."

"ನಾನು ಚಾ ಕುಡೀಲಿಕ್ಕೆ ಬಂದದ್ದಲ್ಲ ಸಾರ್."

"ಗೊತ್ತುಂಟು, ಗೊತ್ತುಂಟು. ಆದ್ರೆ ಕಾಡಲ್ವಾ? ಏನಾದ್ರೂ ಬಂದ್ರೆ ನಾವು ಓಡಬಹುದು. ನೀವು ಎಂತ ಮಾಡುದು? ನಿಮ್ಮ ಒಳ್ಳೆಯದಕ್ಕೇ ಹೇಳುದು."

"ಟೀಚರು ಓಡುದೆಂತಕೆ?" ಎಂದರು ಡ್ರಿಲ್ ಮಾಸ್ತರರು. "ಅವರು ಒಂದು ಸಲ ಬಾಯಿ ಬಿಟ್ರೆ ಹುಲಿಯೇ ಓಡ್ತದೆ!"

ಎಲ್ಲರೂ ನಕ್ಕರು. ನಗುತ್ತ ನಗುತ್ತಲೇ ಮೆಟ್ಟಿಲಿಳಿದರು. ಅಷ್ಟೇ ಆದದ್ದು. ಯಾರೂ ಬೇಡವೆನ್ನಲಿಲ್ಲ, ಯಾರೂ ಜಗಳವಾಡಲಿಲ್ಲ. ಒಂದು ಒರೆಸಿದ ಕುರ್ಚಿ, ಒಂದು ತಮಾಷೆ, ಅಂಗಳ ಖಾಲಿ.

ಹೆಡ್‌ಮಾಸ್ತರರು ಅಂಗಳದಿಂದ ತಿರುಗಿ, "ನೀನು ಜೊತೆಗಿರಮ್ಮ" ಎಂದರು ನನಗೆ. ನಾನಾಗಿಯೇ ಉಳಿದೆ ಎಂದು ಬಹಳ ಕಾಲ ಅಂದುಕೊಂಡಿದ್ದೆ. ಈಗ ಯೋಚಿಸಿದರೆ ಅವರ ಆ ಧ್ವನಿ ಸ್ಪಷ್ಟವಾಗಿ ಕೇಳಿಸುತ್ತದೆ.

ಕುರ್ಚಿಯ ಹಿಂದಿನ ಗೋಡೆಯಲ್ಲಿ, ಅಕ್ಕನ ನೆತ್ತಿಯ ಮೇಲೆ ಸರಿಯಾಗಿ, ಒಂದು ಕಾಟಿಯ ತಲೆ ಇತ್ತು. ಯಾವ ಕಾಲದ್ದೋ, ಒಂದು ಕಿವಿಯನ್ನು ಹುಳ ತಿಂದಿತ್ತು. ಕಥೆಗಾಗಿ ಇದನ್ನು ನಾನೇ ತಂದು ತೂಗುಹಾಕಿದೆನೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಇಲ್ಲ, ಅದು ಇತ್ತು. ಅಕ್ಕ ಕುರ್ಚಿಯನ್ನು ಗರಕ್ಕನೆ ತಿರುಗಿಸಿ, ಅಂಗಳಕ್ಕೆ ಬೆನ್ನು ಹಾಕಿ, ಅದನ್ನೇ ನೋಡುತ್ತ ಕೂತರು.

"ಹೋಗ್ಲಿ ಬಿಡಕ್ಕ," ಎಂದೆ. "ಇನ್ನೊಂದ್ಸಲ ಬರಾಣ."

"ಯಾರ ಜೊತೆ? ಇವರ ಜೊತೆಯಾ?"

ಚಾ ಬಂತು. ಕುಡಿಯಲಿಲ್ಲ. ಅದರ ಮೇಲೆ ಕೆನೆ ಕಟ್ಟಿತು. ನಾನು ಏನೇನೋ ಮಾತನಾಡಿದೆ. ಅವರು ಕೋಲಿನಿಂದ ನೆಲವನ್ನು ಕುಟ್ಟುತ್ತಿದ್ದರು, ಮೆಲ್ಲಗೆ, ಬಿಡದೆ.

ಬಿಸಿಲು ಇಳಿಯುವ ಹೊತ್ತಿಗೆ ಗುಂಪು ಗಲಾಟೆ ಮಾಡುತ್ತ ಬಂತು. ಕಾಟಿಯ ಹಿಂಡೇ ಕಂಡಿತಂತೆ. ಕರುಗಳೂ ಇದ್ದವಂತೆ. ಹೆಡ್‌ಮಾಸ್ತರರು ಕೈ ಅಗಲಿಸಿ ಕೊಂಬಿನ ಅಳತೆ ತೋರಿಸುತ್ತಿದ್ದರು. ಡ್ರಿಲ್ ಮಾಸ್ತರರು ಮುಂದೆ ಬಂದರು. ಅವರ ಕೈಯಲ್ಲಿ ತೇಗದ ಎಲೆಯ ಕಟ್ಟು, ನಾರಿನಿಂದ ನೀಟಾಗಿ ಬಿಗಿದದ್ದು. ಬಗ್ಗಿ, ಎರಡೂ ಕೈಯಿಂದ ಅಕ್ಕನ ಮುಂದೆ ಹಿಡಿದರು.

"ತಕೊಳ್ಳಿ ಟೀಚರೇ. ನಿಮ್ಮ ಪಾಲು."

ಒಳಗೆ ಒಂದು ನವಿಲುಗರಿ, ಒಂದಿಷ್ಟು ಮುಳ್ಳುಹಂದಿಯ ಮುಳ್ಳು. ಅವರ ಮುಖದಲ್ಲಿ ಕುಚೋದ್ಯವಿರಲಿಲ್ಲ. ಬೇಟೆಯಿಂದ ಬಂದವನು ಬರಲಾಗದವರ ಮನೆಗೆ ಪಾಲು ಮುಟ್ಟಿಸುವ ಗೌರವ ಅದು. ಆ ಒಳ್ಳೆಯತನವೇ ನನಗೆ ಇವತ್ತಿಗೂ ಸಹಿಸಲಾಗದ್ದು. ಕೆಟ್ಟವರಾಗಿದ್ದರೆ ಬೈದು ಮುಗಿಸಬಹುದಿತ್ತು.

ಅಕ್ಕ ಕಟ್ಟನ್ನು ತೆಗೆದುಕೊಂಡರು. "ಪಾಲು ಯಾರಿಗೆ ಕಳಿಸುದು ಮಾಸ್ಟ್ರೇ?"

"ಬರ್ಲಿಕ್ಕೆ ಆಗದವರಿಗೆ."

"ಬರ್ಲಿಕ್ಕೆ ಆಗದವರಿಗೋ, ಕರೆಯದವರಿಗೋ?"

ಅಕ್ಕ ಎದ್ದರು. ಕುರ್ಚಿಯನ್ನು ಕೋಲಿನಿಂದ ಹೆಡ್‌ಮಾಸ್ತರರತ್ತ ನೂಕಿದರು. "ಸಾರ್, ಕೂರಿ."

"ಎಂತ ಟೀಚರೇ ಇದು?"

"ಕೂರಿ ಅಂದೆ. ಗಾಳಿ ಚೆನ್ನಾಗಿ ಉಂಟು."

ಅವರು ಕೂತುಬಿಟ್ಟರು. ಇಡೀ ಶಾಲೆಯನ್ನು ನಡುಗಿಸುತ್ತಿದ್ದ ಮನುಷ್ಯ, ಕ್ಲಾಸಿನ ಹುಡುಗನ ಹಾಗೆ. ಅಕ್ಕ ಎಲೆಯ ಕಟ್ಟನ್ನು ಅವರ ಮಡಿಲಲ್ಲಿ ಇಟ್ಟರು. "ಇದು ನಿಮ್ಮ ಪಾಲು. ನಾನು ಹೋಗಿ ಬರ್ತೇನೆ."

"ಹೊತ್ತಾಯ್ತಲ್ಲ ಟೀಚರೇ, ಆನೆ ಬರುವ ಸಮಯ!" ಎಂದರು ಡ್ರಿಲ್ ಮಾಸ್ತರರು.

"ಬರ್ಲಿ. ಅದಕ್ಕೆ ಜಾಸ್ತಿ ಸಿಟ್ಟಾ, ನಂಗಾ, ನೋಡುವ."

ಗಾರ್ಡನ್ನು ಕೇಳಿದರು, "ದಾರಿ ಹೇಗುಂಟು?" ಅವನು "ಬನ್ನಿ, ಎತ್ತಿನಗಾಡಿ ದಾರಿ, ಮಟ್ಟಸ ಇದೆ" ಎಂದ. ಅಷ್ಟೇ. ಮಧ್ಯಾಹ್ನ ಕೇಳಿದ್ದರೂ ಅದನ್ನೇ ಹೇಳುತ್ತಿದ್ದ. ಕೇಳಲು ಯಾರಿಗೂ ತೋಚಿರಲಿಲ್ಲ.

ನಾವು ಮೂವರು ಹೊರಟೆವು. ಕೋಲು, ಬಲಗಾಲು, ಎಡಗಾಲಿನ ಅರ್ಧ ಸುತ್ತು. ಅಕ್ಕನ ಉಸಿರು ದೊಡ್ಡದಾಗಿ ಕೇಳಿಸುತ್ತಿತ್ತು. ನಡುನಡುವೆ ನಿಂತು ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತಿದ್ದರು. ಒಮ್ಮೆ ನಾನು ಅರಿವಿಲ್ಲದೆ ಕೈ ಚಾಚಿದೆ. "ನಿನ್ನ ಕೈ ನಿನ್ನ ಹತ್ರವೇ ಇರ್ಲಿ" ಎಂದರು. ಸ್ವಲ್ಪ ದೂರ ಹೋದ ಮೇಲೆ ಅವರೇ ನನ್ನ ಹೆಗಲ ಮೇಲೆ ಕೈ ಇಟ್ಟರು.

ಹಡ್ಲು ತಲುಪಿದಾಗ ಅದು ಖಾಲಿ. ಹುಲ್ಲು, ಮೇಲೆ ಎರಡು ಬೆಳ್ಳಕ್ಕಿ. ಹಿಂಡು ಹೋಗಿಬಿಟ್ಟಿತ್ತು. ಅಕ್ಕ ಒಂದು ಮರಕ್ಕೆ ಒರಗಿ ನಿಂತರು. ನನಗೆ ಅವರ ಮುಖ ನೋಡಲು ಹೆದರಿಕೆಯಾಯಿತು. ಗಾರ್ಡು ಆಕಾಶ ನೋಡಿ, "ಇನ್ನು ಹೊರಡಬೇಕಮ್ಮ" ಎಂದ.

"ಸ್ವಲ್ಪ ತಡಿ."

ಪಕ್ಕದ ಬಿದಿರಿನ ಮೆಳೆಯಲ್ಲಿ ಏನೋ ಲಟಲಟ ಮುರಿಯಿತು. ಗಾರ್ಡು ನನ್ನ ಸೆರಗು ಹಿಡಿದು ಹಿಂದಕ್ಕೆಳೆದ. ಒಂಟಿ ಕಾಟಿ. ಮೆಳೆಯೊಳಗೆ ತಲೆ ತೂರಿಸಿ ಬಿದಿರೆಲೆ ಕೀಳುತ್ತಿತ್ತು. ಕುತ್ತಿಗೆಯಿಂದ ಮುಂದೆ ಏನೂ ಕಾಣುತ್ತಿರಲಿಲ್ಲ. ಹೊರಗಿದ್ದದ್ದು ಮೈ, ಎಣ್ಣೆ ಹಚ್ಚಿದ ಹಾಗೆ ಮಿರುಗುವ ಕಪ್ಪು ಮೈ, ಬೆನ್ನಿನ ಏರು, ಮತ್ತು ನಾಲ್ಕು ಕಾಲು. ಮೊಣಕಾಲಿನಿಂದ ಕೆಳಗೆ ಬೆಳ್ಳಗೆ, ಯಾರೋ ಕಾಲುಚೀಲ ತೊಡಿಸಿದ ಹಾಗೆ.

"ತಡಿಯಕ್ಕ," ಎಂದು ಪಿಸುಗುಟ್ಟಿದೆ, "ತಲೆ ಈಚೆಗೆ ತೆಗೀತದೆ."

"ತಲೆ ಎಂತಕೆ ಗೂಡೆ? ತಲೆ ನೋಡಿ ನೋಡಿ ಸಾಕಾಗಿದೆ."

ಮತ್ತೆ ಸ್ವಲ್ಪ ಹೊತ್ತಿಗೆ, ತಮ್ಮಷ್ಟಕ್ಕೇ ಎಂಬಂತೆ: "ಇಷ್ಟು ದೊಡ್ಡ ಮೈ. ಗೊರಸು ನೋಡು, ಎಷ್ಟು ಸಣ್ಣದು."

ಅದು ಒಂದು ಹಿಂಗಾಲನ್ನು ಎತ್ತಿ, ಇನ್ನೊಂದಕ್ಕೆ ಉಜ್ಜಿ, ಮೆಲ್ಲಗೆ ಇಟ್ಟಿತು. ಆಮೇಲೆ ಮೆಳೆಯೊಳಕ್ಕೆ ನಡೆದುಹೋಯಿತು. ತಲೆಯನ್ನು ನಾವು ನೋಡಲೇ ಇಲ್ಲ. ಅಕ್ಕನ ಕಣ್ಣಲ್ಲಿ ನೀರಿತ್ತೇ? ನನಗೆ ಗೊತ್ತಿಲ್ಲ. ನಾನು ಕಾಟಿಯನ್ನು ನೋಡುತ್ತಿದ್ದೆ. ಡ್ರಿಲ್ ಮಾಸ್ತರರಂತೂ ಅಲ್ಲಿ ಇರಲೇ ಇಲ್ಲ.

ಮರಳುವಾಗ ದಾರಿಯ ಧೂಳಿನಲ್ಲಿ ಅವರ ಎಡಗಾಲಿನ ಗೀರುಗಳು, ಒಂದರ ಹಿಂದೆ ಒಂದು, ಬಂಗಲೆಯವರೆಗೂ ಕಾಣುತ್ತಿದ್ದವು. ಉಳಿದ ಎಲ್ಲದರ ಬಗ್ಗೆ ನಾನು ಅನುಮಾನಪಡಬಲ್ಲೆ, ಅದರ ಬಗ್ಗೆ ಇಲ್ಲ. ಕುರ್ಚಿಯಲ್ಲಿ ಹೊತ್ತದ್ದಾದರೆ ಆ ಗೀರು ಯಾರದ್ದು?

ಹೆಡ್‌ಮಾಸ್ತರರು ಜಗಲಿಯಲ್ಲಿ ಕಾಟಿಯ ತಲೆಯ ಕೆಳಗೆ ಅದೇ ಕುರ್ಚಿಯಲ್ಲಿದ್ದರು, ಮಡಿಲಲ್ಲಿ ಅದೇ ಕಟ್ಟು. ಅಷ್ಟು ಹೊತ್ತು ಹಾಗೆಯೇ ಕೂತಿರಲಾರರು. ಎದ್ದು ಓಡಾಡಿರಬೇಕು. ನನ್ನ ನೆನಪು ಅವರನ್ನು ಏಳಲು ಬಿಡುವುದಿಲ್ಲ.

"ಕಂಡಿತಾ ಟೀಚರೇ?" ಎಂದರು, ನಿಜವಾದ ಕಾಳಜಿಯಿಂದ. ಡ್ರಿಲ್ ಮಾಸ್ತರರೂ ಹತ್ತಿರ ಬಂದರು. "ಎಂತ ಕಂಡಿತು? ಹೇಳಿ, ಹೇಳಿ."

ಅಕ್ಕ ವ್ಯಾನಿನ ಬಾಗಿಲು ಹಿಡಿದು ಉಸಿರು ತೆಗೆದುಕೊಂಡರು. "ಕೂತವರಿಗೆ ಪಾಲಿಲ್ಲ ಸಾರ್."

ನಾನು ಕಟ್ಟಿಕೊಂಡು ಹೋಗಿದ್ದ ಪುಳಿಯೋಗರೆಯನ್ನು ಅಕ್ಕ ವ್ಯಾನಿನಲ್ಲಿ ಒಬ್ಬರೇ ಡಬ್ಬಿ ಬಳಿದು ತಿಂದರು. ಕಂಡದ್ದನ್ನು ಕೊನೆಯವರೆಗೂ ಯಾರಿಗೂ ಹೇಳಲಿಲ್ಲ. ಬರೆದರು ಮಾತ್ರ. ರಜೆ ಮುಗಿದ ಮೇಲೆ ಬೋರ್ಡಿನಲ್ಲಿ ಕಾಟಿಯನ್ನು ಗೊರಸಿನಿಂದ ಶುರುಮಾಡಿ ಮೇಲಕ್ಕೆ ಬರೆಯುತ್ತಿದ್ದರು. ಅಳಿಸುತ್ತಿರಲಿಲ್ಲ. ಮುಂದಿನ ಪೀರಿಯಡ್ಡಿಗೆ ಹೋದ ನಾನು ಅದರ ಪಕ್ಕದ ಚೂರು ಜಾಗದಲ್ಲಿ ಮೊಗಲರ ಬಗ್ಗೆ ಬರೆಯಬೇಕಾಗುತ್ತಿತ್ತು.

ಸಭೆಗೆ ಮರಳುತ್ತೇನೆ. ಡ್ರಿಲ್ ಮಾಸ್ತರರು ಮಾತು ಮುಗಿಸಿ ಕೂತ ಮೇಲೆ, ಈಗಿನ ಹೆಡ್‌ಮಾಸ್ತರರು ಎದ್ದು, ಈ ಫೋಟೋವನ್ನು ಟೀಚರುಗಳ ಕೋಣೆಯ ಗೋಡೆಯಲ್ಲಿ ಶಾಶ್ವತವಾಗಿ ಹಾಕಲಾಗುವುದು ಎಂದು ಘೋಷಿಸಿದರು. ಆಗ ನಾನು ಆ ಫೋಟೋವನ್ನು ಸರಿಯಾಗಿ ನೋಡಿದೆ. ಅದು ನಮ್ಮ ಹಳೆಯ ಗ್ರೂಪ್ ಫೋಟೋದಿಂದ ತೆಗೆದದ್ದು. ಮೂಲದಲ್ಲಿ ಅಕ್ಕ ತುದಿಯಲ್ಲಿ ಕೋಲು ಊರಿ, ಹುಬ್ಬು ಗಂಟಿಕ್ಕಿ, ಎಡಗಾಲನ್ನು ಮುಂದೆ ಚಾಚಿ ನಿಂತಿದ್ದಾರೆ. ಕುರ್ಚಿ ಹಾಕಿದ್ದರೂ ಕೂತಿರಲಿಲ್ಲ. ಚೆನ್ನಾಗಿ ಕಾಣಲಿ ಎಂದು ಕುತ್ತಿಗೆಯವರೆಗೆ ಕತ್ತರಿಸಿ ದೊಡ್ಡದು ಮಾಡಿಸಿದ್ದರು. ಹುಬ್ಬಿನ ಗಂಟನ್ನೂ ಸ್ಟುಡಿಯೋದವರು ತಿದ್ದಿದ್ದರು.

"ನೀವು ಜೊತೆಗಿದ್ದವರು ಟೀಚರೇ, ಎರಡು ಮಾತು" ಎಂದು ನನ್ನನ್ನು ಕರೆದರು. ನಾನು ಎದ್ದು ಮೇಜಿನ ಬಳಿ ಹೋದೆ. ಹೇಳಬೇಕಾದ್ದು ಬಹಳ ಇತ್ತು. ಬಾಯಿಗೆ ಬಂದದ್ದು ಒಂದೇ.

"ಇದರ ಕಾಲು ಎಲ್ಲಿ?"

ಯಾರಿಗೂ ಅರ್ಥವಾಗಲಿಲ್ಲ. ಮತ್ತೆ ಕೇಳಿದೆ, ಗಟ್ಟಿಯಾಗಿ. ಡ್ರಿಲ್ ಮಾಸ್ತರರು ದಡಬಡಿಸಿ ಎದ್ದು ಬಂದರು. "ಪಾಪ, ದುಃಖ ತಡ್ಕೊಳ್ಳಿಕ್ಕೆ ಆಗ್ತಾ ಇಲ್ಲ" ಎಂದು ಸಭೆಗೆ ಹೇಳಿ, ನನಗೊಂದು ಕುರ್ಚಿ ತಂದು ಹಾಕಿದರು.

ನಾನು ಕೂರಲಿಲ್ಲ.